ಟೆಲಿಫೋನ್ ಬೆಲ್ ಒಬ್ಬರದೇ ಶೋಧವೇ?

ಪ್ರಶ್ನೆ: ಟೆಲಿಫೋನ್ ಕಂಡುಹಿಡಿದದ್ದು ಗ್ರಹಾಂ ಬೆಲ್ ಅಲ್ಲವೆಂದು ಕೆಲವರು ವಾದಿಸುತ್ತಾರೆ. ನಿಜವೇ?

ಉತ್ತರ: ಪೇಟೆಂಟ್ ಬೆಲ್ ಅವರದು, ಆದರೆ ಆ ದಾರಿ ಹಿಡಿದವರು ಅವರೊಬ್ಬರೇ ಅಲ್ಲ. ಇಟಲಿಯಿಂದ ಅಮೆರಿಕಕ್ಕೆ ಹೋದ ಆಂಟೋನಿಯೊ ಮೆಯುಚಿ 1871ರಲ್ಲೇ ಪೇಟೆಂಟ್ ಕಚೇರಿಗೆ ತಮ್ಮ ಉಪಕರಣದ ಮುನ್ಸೂಚನೆ ಕೊಟ್ಟಿದ್ದರು. 1874ರ ಬಳಿಕ ಅದು ನವೀಕರಣವಾಗಲಿಲ್ಲ. 1876ರ ಫೆಬ್ರವರಿ 14ರಂದು ಬೆಲ್ ಅವರ ಅರ್ಜಿ, ಇನ್ನೊಬ್ಬ ಸಂಶೋಧಕ ಎಲೈಶಾ ಗ್ರೇ ಅವರ ಮುನ್ಸೂಚನೆ ಎರಡೂ ಒಂದೇ ದಿನ ವಾಷಿಂಗ್ಟನ್ ತಲುಪಿದವು. ಮಾರ್ಚ್ 7ರಂದು ಪೇಟೆಂಟ್ ಬೆಲ್ ಕೈಸೇರಿತು.

ಮೂರೇ ದಿನಗಳಲ್ಲಿ, ಬಾಸ್ಟನ್ನಿನಲ್ಲಿ, ಮೊದಲ ಸ್ಪಷ್ಟ ಮಾತು ತಂತಿಯಲ್ಲಿ ಹರಿಯಿತು. ಬಿಗಿದ ಪೊರೆಯೊಂದಕ್ಕೆ ತಂತಿ ಅಂಟಿಸಿ, ಅದರ ತುದಿಯನ್ನು ಆಮ್ಲ ಬೆರೆಸಿದ ನೀರಿನಲ್ಲಿ ಅದ್ದಿದ್ದರು. ಮಾತಿಗೆ ಪೊರೆ ಅದುರಿದಂತೆ ತಂತಿ ನೀರಿನಲ್ಲಿ ಮೇಲೆ ಕೆಳಗೆ ಆಡುತ್ತಿತ್ತು, ವಿದ್ಯುತ್ ಹರಿವು ಅದಕ್ಕೆ ತಕ್ಕಂತೆ ಏರಿಳಿಯುತ್ತಿತ್ತು. ಬೆಲ್ ಕರೆದದ್ದು ಬೇರೆ ಕೋಣೆಯಲ್ಲಿದ್ದ ಸಹಾಯಕ ವಾಟ್ಸನ್‌ಗೆ ಕೇಳಿಸಿತು, ಅವರು ಓಡಿಬಂದರು.

ಗ್ರೇ ಅವರ ಕಾಗದದಲ್ಲಿದ್ದದ್ದೂ ಇಂಥದೇ ದ್ರವದ ಉಪಾಯ. ಬೆಲ್ ಅದನ್ನು ಕದ್ದರೆಂಬ ಅನುಮಾನ ಹುಟ್ಟಿದ್ದು ಅಲ್ಲಿಂದಲೇ. ಆದರೆ ಬೆಲ್ 1877ರಲ್ಲಿ ಜನರ ಬಳಕೆಗೆ ತಂದ ಫೋನಿನಲ್ಲಿ ದ್ರವ ಇರಲಿಲ್ಲ, ಅಯಸ್ಕಾಂತ ಮತ್ತು ತಂತಿಯ ಸುರುಳಿ ಇದ್ದವು. ನನಗೆ ಬೆಲ್ ಪರವಾದ ಬಲವಾದ ಸಾಕ್ಷ್ಯವಾಗಿ ಕಾಣುವುದು ಇದೇ. ಮೆಯುಚಿಯವರ ದುಡಿಮೆಯನ್ನು ಅಮೆರಿಕದ ಪ್ರತಿನಿಧಿ ಸಭೆ ಗೌರವಿಸಿದ್ದು 2002ರಲ್ಲಿ, ಅವರು ತೀರಿಕೊಂಡು ಶತಮಾನವೇ ಕಳೆದ ಮೇಲೆ.