ಚೆಂಡುಮೊನೆಯ ಲೇಖನಿ

ಬೇಸಗೆಯ ಪರೀಕ್ಷೆಗಳಲ್ಲಿ ಮೇಲ್ವಿಚಾರಣೆಗೆ ನಿಲ್ಲುವ ನಮಗೆ ಒಂದು ದೃಶ್ಯ ಚಿರಪರಿಚಿತವಾದುದು. ಹುಡುಗನೊಬ್ಬನು ಬರೆಯುತ್ತಿದ್ದಂತೆ ತಟಕ್ಕನೆ ನಿಲ್ಲುತ್ತಾನೆ, ಲೇಖನಿಯನ್ನು ಕೊಡಹುತ್ತಾನೆ, ಅಂಗೈಯ ಮೇಲೆ ಗೀಚಿ ನೋಡುತ್ತಾನೆ, ಕೊನೆಗೆ ಪಕ್ಕದವನತ್ತ ದೀನದೃಷ್ಟಿಯನ್ನು ಬೀರುತ್ತಾನೆ. ಕಳೆದ ವರ್ಷ ನಮಗೆ ಒದಗಿದ ಗತಿ ಇದಕ್ಕೆ ವಿರುದ್ಧವಾದುದು. ಜೇಬಿನಲ್ಲಿದ್ದ ಲೇಖನಿ ಸೋರಿ, ಅಂಗಿಯ ಮೇಲೆ ಅಂಗೈಯಗಲದ ನೀಲಿ ಕಲೆಯನ್ನು ಹೊತ್ತುಕೊಂಡು ಮೂರು ಗಂಟೆಗಳ ಕಾಲ ವಿದ್ಯಾರ್ಥಿಗಳ ಮುಗುಳ್ನಗೆಗೆ ಗುರಿಯಾದೆವು. ಬೇಕಾದಾಗ ಶಾಯಿ ಬಾರದಿರುವುದು ಒಂದು ದೋಷ; ಬೇಡವಾದಾಗ ಬರುವುದು ಇನ್ನೊಂದು. ಇವೆರಡರ ನಡುವಣ ಇಕ್ಕಟ್ಟಿನ ದಾರಿಯಲ್ಲಿ ಲೇಖನಿಯನ್ನು ನಡೆಸಲು ಮನುಷ್ಯನಿಗೆ ಅರವತ್ತು ವರ್ಷಗಳಿಗೂ ಮಿಕ್ಕಿ ಬೇಕಾಯಿತು.

ಬಾಲ್ ಪಾಯಿಂಟ್ ಪೆನ್ನಿನ ತತ್ತ್ವವೇನೋ ಸರಳವಾದುದೇ. ಶಾಯಿಯ ಕೊಳವೆಯ ತುದಿಯಲ್ಲಿ ಒಂದು ಲೋಹದ ಗೂಡು. ಗೂಡಿನಲ್ಲಿ ಬೀಳದಂತೆ ಸಿಕ್ಕಿಕೊಂಡು, ಆದರೆ ಎತ್ತ ಬೇಕಾದರತ್ತ ತಿರುಗಬಲ್ಲ ಪುಟ್ಟ ಗುಂಡು. ಗುಂಡು ಕಾಗದದ ಮೇಲೆ ಉರುಳಿದಂತೆ ಅದರ ಒಳಮೈ ಹೊರಕ್ಕೆ ಬರುತ್ತದೆ, ಬರುವಾಗ ತನಗಂಟಿದ ಶಾಯಿಯನ್ನೂ ತರುತ್ತದೆ. ಅಮೆರಿಕದ ಜಾನ್ ಲೌಡ್ ಎಂಬವರು ೧೮೮೮ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದರು. ತೊಗಲಿನಂಥ ಒರಟು ವಸ್ತುಗಳ ಮೇಲೆ ಗುರುತು ಹಾಕುವುದಕ್ಕೆ ಅದು ಸಾಕಾಯಿತು. ಕಾಗದದ ಮೇಲೆ ಬರೆಯುವುದಕ್ಕೆ ಆಗಲಿಲ್ಲ. ಉಪಾಯ ಸರಿಯಾಗಿದ್ದೂ ವಸ್ತು ಏಕೆ ಹುಟ್ಟಲಿಲ್ಲ?

ಗುಂಡಿಗೂ ಗೂಡಿಗೂ ನಡುವಣ ಸಂದನ್ನು ನೋಡೋಣ. ಅದು ಮಿಲಿಮೀಟರಿನ ಸಾವಿರದ ಕೆಲವೇ ಪಾಲುಗಳಷ್ಟು. ತಲೆಗೂದಲಿಗಿಂತ ಎಷ್ಟೋ ಪಾಲು ತೆಳುವಾದುದು. ಈ ಸಂದು ಇಮ್ಮಡಿಯಾಯಿತೆಂದು ಭಾವಿಸಿರಿ. ಉರುಳುವ ಗುಂಡು ಹೊತ್ತು ತರುವ ಶಾಯಿ ಸುಮಾರಾಗಿ ಇಮ್ಮಡಿಯಾಗುತ್ತದೆ, ಅಷ್ಟೆ. ಆದರೆ ಒತ್ತಡದ ವ್ಯತ್ಯಾಸದಿಂದ ತಾನಾಗಿ ನುಸುಳುವ ದ್ರವದ ಪ್ರಮಾಣ ಸಂದಿನ ಅಗಲದ ಘನವನ್ನು ಅನುಸರಿಸುವುದೆಂದು ಭೌತವಿಜ್ಞಾನ ಹೇಳುತ್ತದೆ. ಎಂದರೆ ಸೋರಿಕೆ ಎಂಟುಮಡಿಯಾಗುತ್ತದೆ! ಬರೆಹಕ್ಕೆ ಕೂದಲೆಳೆಯಷ್ಟು ಅನುಕೂಲ, ಜೇಬಿಗೆ ಗುಡ್ಡದಷ್ಟು ಅನಾಹುತ. ಮೇಲಾಗಿ ಕಾವು ಏರಿದಂತೆ ಶಾಯಿಯ ಸ್ನಿಗ್ಧತೆ ತಗ್ಗುತ್ತದೆ. ಮೇ ತಿಂಗಳಿನ ಬಿಸಿಲಿಗೆ ಎದೆಯ ಬಿಸಿಯೂ ಸೇರಿದರೆ ಏನಾಗುವುದೆಂಬುದಕ್ಕೆ ನಮ್ಮ ಅಂಗಿಯೇ ಸಾಕ್ಷಿ.

ಕುಶಲನಾದ ಅಕ್ಕಸಾಲಿಯೊಬ್ಬನು ಒಂದು ಗುಂಡಿಗೆ ತಕ್ಕಂತೆ ಒಂದು ಗೂಡನ್ನು ಉಜ್ಜಿ ಉಜ್ಜಿ ಹೊಂದಿಸಿಯಾನು. ಕಾರ್ಖಾನೆಯ ಪ್ರಶ್ನೆ ಬೇರೆ. ಅಲ್ಲಿ ರಾಶಿಯಿಂದ ಯಾವ ಗುಂಡು ಬಂದರೂ ಯಾವ ಗೂಡಿಗಾದರೂ ಒಪ್ಪಬೇಕು. ಯಾವ ಯಂತ್ರವೂ ಎರಡು ಗುಂಡುಗಳನ್ನು ಪೂರ್ಣವಾಗಿ ಒಂದೇ ಅಳತೆಗೆ ಮಾಡಲಾರದಷ್ಟೆ. ಆದುದರಿಂದ ನಕ್ಷೆ ಬರೆಯುವವನು ಅಳತೆಯೊಂದನ್ನು ಬರೆದರೆ ಸಾಲದು. ಆ ಅಳತೆ ಎಷ್ಟು ತಪ್ಪಿದರೆ ಮನ್ನಿಸಬಹುದೆಂಬುದನ್ನೂ ಬರೆಯಬೇಕು. ಕಾರ್ಖಾನೆಯವರು ಇದನ್ನು ಟಾಲರೆನ್ಸ್ ಎನ್ನುತ್ತಾರೆ. ಧಾರಾಳವಾಗಿ ಮನ್ನಿಸಿದರೆ ಲೇಖನಿ ಸೋರುವುದು. ಕಟ್ಟುನಿಟ್ಟು ಮಿತಿಮೀರಿದರೆ ಲೇಖನಿಗೆ ಕೈಗಡಿಯಾರದ ಬೆಲೆ ಬೀಳುವುದು. ನಮ್ಮ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ದೋಷದ ಲೆಕ್ಕವನ್ನು ಒಲ್ಲದ ಮನಸ್ಸಿನಿಂದ ಬರೆಯುತ್ತಾರೆ. ಆ ಲೆಕ್ಕದ ಮೇಲೆಯೇ ಕಾರ್ಖಾನೆ ನಿಂತಿರುವುದೆಂಬುದನ್ನು ಅವರಿಗೆ ನಾವು ಹೇಳದಿರುವುದೇ ಇದಕ್ಕೆ ಕಾರಣವಿರಬಹುದು.

ಹಂಗೆರಿಯ ಪತ್ರಿಕೋದ್ಯೋಗಿ ಲಾಸ್ಲೋ ಬೀರೋ ಅವರು ಸಮಸ್ಯೆಯನ್ನು ಶಾಯಿಯ ಕಡೆಯಿಂದ ಹಿಡಿದರು. ವೃತ್ತಪತ್ರಿಕೆಯ ಶಾಯಿ ಬೇಗನೆ ಒಣಗುವುದನ್ನು ಅವರು ಕಂಡಿದ್ದರು. ಆದರೆ ಆ ಗಟ್ಟಿ ಶಾಯಿ ನಿಬ್ಬಿನ ಸೀಳಿನಲ್ಲಿ ಇಳಿಯದು. ಸಹೋದರನೊಡನೆ ಸೇರಿ ಗುಂಡಿಗೆ ತಕ್ಕ ಶಾಯಿಯನ್ನು ಸಿದ್ಧಪಡಿಸಿದರು. ಯುದ್ಧಕಾಲದಲ್ಲಿ ಆರ್ಜೆಂಟೀನಕ್ಕೆ ವಲಸೆ ಹೋಗಿ ೧೯೪೩ರಲ್ಲಿ ಅಲ್ಲಿ ಪೇಟೆಂಟು ಪಡೆದರು. ಅವರ ಹುಟ್ಟಿದ ದಿನವನ್ನು ಆ ದೇಶ ಇಂದಿಗೂ ಆವಿಷ್ಕಾರಕರ ದಿನವೆಂದು ಆಚರಿಸುತ್ತದೆ.

ಇದರ ಕೀರ್ತಿಯನ್ನು ಕೇಳಿದ ಅಮೆರಿಕದ ರೆನಾಲ್ಡ್ಸ್ ಎಂಬ ವ್ಯಾಪಾರಿ ತನ್ನದೇ ಲೇಖನಿಯೊಂದನ್ನು ಆತುರಾತುರವಾಗಿ ಮಾಡಿಸಿ, ೧೯೪೫ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಮಾರಾಟಕ್ಕಿಟ್ಟನು. ಬೆಲೆ ಹನ್ನೆರಡೂವರೆ ಡಾಲರು. ಜನ ಮುಗಿಬಿದ್ದು ಕೊಂಡರು. ಲೇಖನಿಗಳು ಸೋರಿದುವು, ಬರೆಯುತ್ತ ಬರೆಯುತ್ತ ನಿಂತುಹೋದುವು. ಕೆಲವೇ ವರ್ಷಗಳಲ್ಲಿ ಚೆಂಡುಮೊನೆಯ ಹೆಸರೇ ಕೆಟ್ಟಿತು.

ಕೆಟ್ಟ ಹೆಸರನ್ನು ತೊಳೆದವರು ಫ್ರಾನ್ಸಿನ ಮಾರ್ಸೆಲ್ ಬಿಕ್. ಬೀರೋ ಅವರಿಂದ ಹಕ್ಕನ್ನು ಕೊಂಡುಕೊಂಡ ಅವರು, ಲೋಹವನ್ನು ಮಿಲಿಮೀಟರಿನ ನೂರನೆಯ ಒಂದು ಪಾಲಿನವರೆಗೆ ಕಡೆದು ರೂಪಿಸಬಲ್ಲ ಸ್ವಿಸ್ ಯಂತ್ರಗಳಿಗೆ ಹಣ ಸುರಿದರು. ೧೯೫೦ರಲ್ಲಿ ಹೊರಬಂದ ‘ಬಿಕ್ ಕ್ರಿಸ್ಟಲ್’ ಲೇಖನಿಯ ಗುಂಡು ಒಂದು ಮಿಲಿಮೀಟರು ವ್ಯಾಸದ್ದು. ಅದು ಎರಡು ಕಿಲೋಮೀಟರು ಉದ್ದದ ಗೆರೆ ಎಳೆಯುವುದೆಂದು ಇಟ್ಟುಕೊಂಡರೆ, ಗುಂಡು ಆರು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬೇಕು; ಪರಿಧಿಯ ಸೂತ್ರದಿಂದ ವಾಚಕರೇ ಲೆಕ್ಕ ಹಾಕಿ ನೋಡಬಹುದು. ೧೯೬೧ರಿಂದ ಉಕ್ಕಿನ ಬದಲು ಅದಕ್ಕಿಂತ ಬಹಳ ಗಡುಸಾದ ಟಂಗ್‌ಸ್ಟನ್ ಕಾರ್ಬೈಡಿನ ಗುಂಡನ್ನು ಬಳಸತೊಡಗಿದರು.

ಉಳಿದ ಅಂಗಗಳಲ್ಲಿಯೂ ಇದೇ ವಿವೇಚನೆ ಕಾಣುತ್ತದೆ. ಒಡಲು ಪಾರದರ್ಶಕವಾದುದರಿಂದ ಶಾಯಿಯ ಮಟ್ಟ ಕಾಣುತ್ತದೆ. ಆರು ಮೂಲೆಗಳಿರುವುದರಿಂದ ಇಳಿಜಾರಿನ ಮೇಜಿನಿಂದ ಉರುಳದು. ಒಡಲಿನ ಸೂಜಿರಂಧ್ರ ಒಳಗಿನ ಮತ್ತು ಹೊರಗಿನ ವಾಯುವಿನ ಒತ್ತಡವನ್ನು ಸಮಗೊಳಿಸುತ್ತದೆ. ಪ್ಲಾಸ್ಟಿಕ್ಕನ್ನು ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತಿ ತುಂಬುವ ವಿಧಾನದಲ್ಲಿ ಬೆಲೆಯೆಲ್ಲ ಅಚ್ಚಿನದೇ. ಅಚ್ಚಿಗೆ ಹತ್ತು ಲಕ್ಷ ರೂಪಾಯಿ ಹಿಡಿಯಿತೆನ್ನಿ: ಹತ್ತೇ ಲೇಖನಿ ಮಾಡಿದರೆ ಒಂದೊಂದರ ಮೇಲೆ ಲಕ್ಷ ರೂಪಾಯಿಯ ಹೊರೆ, ಕೋಟಿ ಮಾಡಿದರೆ ಹತ್ತು ಪೈಸೆ. ೨೦೦೬ರ ವೇಳೆಗೆ ಆ ಲೇಖನಿಗಳ ಮಾರಾಟ ಹತ್ತು ಸಾವಿರ ಕೋಟಿಯನ್ನು ಮುಟ್ಟಿತು. ಅವುಗಳಲ್ಲಿ ಬಹುಪಾಲು ಕಸದ ಗುಂಡಿಯನ್ನು ಸೇರಿರಬೇಕೆಂಬುದೂ ಮರೆಯತಕ್ಕ ಮಾತಲ್ಲ.

ಒಡಲು ಸುಲಭವಾಗಿ ಅಚ್ಚಾದೀತು, ಮೊನೆ ಹಾಗಲ್ಲ. ಗೂಡಿನ ಉಕ್ಕು ಯಂತ್ರದ ಅಲಗಿಗೆ ಸಲೀಸಾಗಿ ಒಡ್ಡಿಕೊಳ್ಳಬೇಕು, ಆದರೆ ಸವೆಯಬಾರದು, ತುಕ್ಕು ಹಿಡಿಯಬಾರದು. ವರ್ಷಕ್ಕೆ ಸಾವಿರಾರು ಕೋಟಿ ಲೇಖನಿಗಳನ್ನು ಮಾಡುತ್ತಿದ್ದ ಚೀಣಾ ದೇಶ ಈ ಉಕ್ಕನ್ನು ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ೨೦೧೬ರಲ್ಲಿ ಅಲ್ಲಿಯ ಪ್ರಧಾನಿ ಲೀ ಕೆಚ್ಯಾಂಗ್ ಅವರೇ ಈ ಕೊರತೆಯನ್ನು ಬಹಿರಂಗವಾಗಿ ಎತ್ತಿ ಆಡಿದರು. ಮರುವರ್ಷ, ೨೦೧೭ರ ಜನವರಿಯಲ್ಲಿ, ತಾಯ್‌ಯುವಾನ್ ನಗರದ ಉಕ್ಕಿನ ಕಾರ್ಖಾನೆ ಅದನ್ನು ಸಾಧಿಸಿದ ವಾರ್ತೆ ಬಂತು. ರಾಕೆಟ್ಟನ್ನು ಹಾರಿಸಿದ ಬಹಳ ವರ್ಷಗಳ ಮೇಲೆ ಪೆನ್ನಿನ ಮೊನೆ!

ಇನ್ನು ಮುಚ್ಚಳ. ಅದರ ತುದಿಯಲ್ಲಿ ತೂತೇಕೆಂದು ತರಗತಿಯಲ್ಲಿ ಕೇಳಿದರೆ, ಶಾಯಿ ಒಣಗದಿರಲೆಂದು ಎಂಬ ಉತ್ತರ ಸಾಮಾನ್ಯವಾಗಿ ಬರುತ್ತದೆ. ತೂತಿನಿಂದ ಗಾಳಿಯಾಡಿದರೆ ಒಣಗುವುದು ಹೆಚ್ಚಬೇಕಲ್ಲವೆ? ನಿಜವಾದ ಕಾರಣ ಬೇರೆ. ಮುಚ್ಚಳವನ್ನು ಕಚ್ಚುವುದು ಮಕ್ಕಳ ಅಭ್ಯಾಸ; ಅಕಸ್ಮಾತ್ತಾಗಿ ಅದು ಜಾರಿ ಶ್ವಾಸನಾಳದಲ್ಲಿ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ತೂತಿದ್ದರೆ, ವೈದ್ಯರ ಬಳಿಗೆ ಒಯ್ಯುವವರೆಗೆ ಒಂದಿಷ್ಟು ಗಾಳಿ ಒಳಕ್ಕೆ ಹೋಗಬಹುದು. ಎಣ್ಣೆಯಂಶದ ಗಟ್ಟಿ ಶಾಯಿಗೆ ಬಿಗಿಯಾದ ಮುಚ್ಚಳದ ಅಗತ್ಯವೂ ಅಷ್ಟಾಗಿ ಇಲ್ಲ. ೧೯೫೦ರ ಲೇಖನಿಯ ಮುಚ್ಚಳದಲ್ಲಿ ಈ ತೂತು ಇರಲಿಲ್ಲ. ೧೯೯೧ರಲ್ಲಿ ಅದನ್ನು ಸೇರಿಸಿದರು.