ಕಾಣೆಯಾದವರೂ ವಿವಾಹವಿಚ್ಛೇದನವೂ

ಪತಿಯು ಕಾಣೆಯಾಗುವುದನ್ನು ಪರಾಶರಸ್ಮೃತಿಯು ಸ್ತ್ರೀಗೊದಗುವ ಐದು ಆಪತ್ತುಗಳಲ್ಲಿ ಒಂದೆಂದು ಎಣಿಸಿದೆ. ಇಂದು ಪತಿಯಾಗಲಿ ಪತ್ನಿಯಾಗಲಿ ಹೀಗೆ ಕಾಣೆಯಾದರೆ, 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಉಳಿದವರಿಗೆ ದಾರಿಯುಂಟು. ಬದುಕಿದ್ದರೆ ಸಹಜವಾಗಿ ಸುದ್ದಿ ತಿಳಿಯಬೇಕಾಗಿದ್ದ ಬಂಧುಮಿತ್ರರಿಗೂ 7 ವರ್ಷ ಸುದ್ದಿಯೇ ಇಲ್ಲದಿದ್ದರೆ, ಅದೇ ವಿಚ್ಛೇದನಕ್ಕೆ ಆಧಾರವಾಗುತ್ತದೆ. ಸಮನ್ಸನ್ನು ಮುಟ್ಟಿಸಲಾಗದಿದ್ದಾಗ, ನ್ಯಾಯಾಲಯದ ಅಪ್ಪಣೆಯಂತೆ ಅದನ್ನು ಕಾಣೆಯಾದವರು ಕಡೆಯಲ್ಲಿ ವಾಸವಿದ್ದ ಮನೆಗೆ ಅಂಟಿಸುವರು. ಆ ಊರಿನಲ್ಲಿ ಪ್ರಚಾರವುಳ್ಳ ದಿನಪತ್ರಿಕೆಯಲ್ಲಿ ಪ್ರಕಟಿಸುವುದೂ ಉಂಟು.

7 ವರ್ಷ ಕಳೆದ ಮೇಲೆ ನ್ಯಾಯಾಲಯವೇಕೆಂದು ನಾವು ಕೇಳಬಹುದು. ವರ್ಷಗಳು ಕಳೆದ ಮಾತ್ರಕ್ಕೆ ವಿವಾಹಬಂಧವು ತಾನಾಗಿ ಕಳಚದು. ಡಿಕ್ರಿಯಿಲ್ಲದೆ ಮರುಮದುವೆಯಾದರೆ ಶಿಕ್ಷೆ ತಪ್ಪಿದರೂ ತಪ್ಪೀತು. ಆದರೆ ಹೋದವರು ಒಂದು ದಿನ ಹಿಂದಿರುಗಿದರೆ ಆ ಮದುವೆಯೇ ಅಸಿಂಧುವೆನಿಸುವುದು. ಆದುದರಿಂದ ಕಾದು ಕುಳಿತವರಿಗೆ ಡಿಕ್ರಿಯೇ ನಿಜವಾದ ರಕ್ಷೆಯೆಂದು ನಾವು ತಿಳಿಯಬೇಕು.