ಟ್ರಾಲಿಂಗ್, ಟ್ರೋಲಿಂಗ್ ಮತ್ತು ಕುಂಜತ್ತೂರಿನ ಕೆರೆಯ ಗಾಳ

ಜೂನ್ ತಿಂಗಳು ಸಮೀಪಿಸುತ್ತಿದ್ದಂತೆ ಜಿಲ್ಲೆಯ ಮಲಯಾಳ ಪತ್ರಿಕೆಗಳಲ್ಲಿ ‘ಟ್ರೋಳಿಂಗ್ ನಿರೋಧನಂ’ ಎಂಬ ತಲೆಬರಹ ಕಾಣಿಸಿಕೊಳ್ಳುತ್ತದೆ. ನಮ್ಮ ಕನ್ನಡ ವರದಿಗಳಲ್ಲಿಯೂ ಅದು ಕೆಲವೊಮ್ಮೆ ‘ಟ್ರೋಲಿಂಗ್ ನಿಷೇಧ’ ಎಂದೇ ನುಸುಳುತ್ತದೆ. ಕುಂಜತ್ತೂರಿನ ಕನ್ನಡ ಮಾಧ್ಯಮದ ಬಾಲಕನೊಬ್ಬ ಇಂಥದೊಂದು ಸುದ್ದಿಯನ್ನು ಓದಿ, “ಹಾಗಾದರೆ ನಮ್ಮ ಕೆರೆಯಲ್ಲಿ ಗಾಳ ಹಾಕಿದರೂ ತಪ್ಪಾ?” ಎಂದು ನಮ್ಮನ್ನು ಕೇಳಿದನು. ಪ್ರಶ್ನೆ ಸಣ್ಣದಲ್ಲ. ಮಾತೃಭಾಷೆಯಲ್ಲಿ ಕಲಿಯುವ ಮಗುವಿಗೆ ಇನ್ನೊಂದು ಭಾಷೆಯ ಮೂಲಕ ಬಂದ ಇಂಗ್ಲಿಷ್ ಪದ ದಾರಿ ತಪ್ಪಿಸಿದಾಗ, ಅದನ್ನು ಬಿಡಿಸಿ ಹೇಳುವ ಹೊಣೆ ನಮ್ಮದು.

ನಿಷೇಧವಿರುವುದು ಟ್ರಾಲಿಂಗಿಗೆ. ಟ್ರಾಲ್ ಎಂದರೆ ಚೀಲದಾಕಾರದ ದೊಡ್ಡ ಬಲೆ. ಅದರ ಬಾಯಿ ತೆರೆದಿರುವಂತೆ ಎರಡು ಬದಿಗಳಲ್ಲಿ ಹಲಗೆಗಳನ್ನು ಕಟ್ಟಿ, ಯಾಂತ್ರಿಕ ಬೋಟಿನಿಂದ ಕಡಲಿನ ತಳದಲ್ಲಿ ಎಳೆದುಕೊಂಡು ಹೋಗುತ್ತಾರೆ. ಸಿಗಡಿಗಾಗಿ ಎಳೆದ ಬಲೆಯಲ್ಲಿ ಮೊಟ್ಟೆ ತುಂಬಿದ ಮೀನೂ ಬೆರಳುದ್ದದ ಮರಿಯೂ ಬರುತ್ತವೆ. ಹಲವು ಮೀನುಗಳು ಮರಿಮಾಡುವ ಕಾಲವೇ ಮಳೆಗಾಲವಾದುದರಿಂದ ಕೇರಳವು 1988ರಿಂದ ಈ ನಿಷೇಧವನ್ನು ಜಾರಿಗೆ ತಂದಿತು. ಈಗ ಅದು ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ, ಅಂದರೆ 52 ದಿನ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ತಲಪಾಡಿಯ ಗಡಿಯಾಚೆ ಬೋಟುಗಳು ದಡ ಸೇರಿದ ಬಳಿಕವೂ ಈಚೆ ಒಂದು ವಾರಕ್ಕೂ ಹೆಚ್ಚು ಕಾಲ ಬಲೆ ಎಳೆಯಬಹುದು! ಮೀನಿಗೆ ಗಡಿ ತಿಳಿಯುವುದಿಲ್ಲವೆಂಬುದನ್ನು ಗಡಿನಾಡಿನವರಿಗೆ ಹೇಳಬೇಕಾಗಿಲ್ಲ. ಸಾಂಪ್ರದಾಯಿಕ ದೋಣಿಗಳಿಗೆ ಎರಡೂ ಕಡೆ ವಿನಾಯಿತಿಯಿದೆ.

ಟ್ರೋಲಿಂಗ್ ಬೇರೆಯೇ ವಿದ್ಯೆ. ಅದರಲ್ಲಿ ಬಲೆಯಿಲ್ಲ, ಚಲಿಸುವ ದೋಣಿಯ ಹಿಂದೆ ಗಾಳದ ದಾರವನ್ನು ಬಿಟ್ಟು, ಎರೆಯು ಈಜುತ್ತಿರುವಂತೆ ಕಾಣುವ ಹಾಗೆ ಎಳೆಯುತ್ತಾರೆ. ನಮ್ಮ ಕರಾವಳಿಯ ಅಂಜಲ್ ಮೀನು ಈ ಬಗೆಯ ಗಾಳಕ್ಕೂ ಬೀಳುತ್ತದೆ. ಅಮೆರಿಕದ ಸಣ್ಣ ಕೆರೆಗಳಲ್ಲಿ ಕ್ರ್ಯಾಪಿ ಎಂಬ ಅಂಗೈಯಗಲದ ಮೀನಿಗಾಗಿ ದೋಣಿಯ ಮುಂದೆ ಹಲವು ಉದ್ದನೆಯ ಕೋಲುಗಳನ್ನು ಚಾಚಿ, ನಡಿಗೆಗಿಂತಲೂ ನಿಧಾನವಾಗಿ ಸಾಗುತ್ತಾರೆ. ಆ ಮೀನಿನ ತುಟಿ ಕಾಗದದಷ್ಟು ತೆಳು. ಗಾಳವನ್ನು ರಭಸದಿಂದ ಎಳೆದರೆ ತುಟಿ ಹರಿದು ಮೀನು ಪಾರಾಗುತ್ತದೆ.

ನಮ್ಮ ಮದಕ, ಪಳ್ಳ, ತೋಟದ ಕೆರೆಗಳಲ್ಲಿ ಕ್ರ್ಯಾಪಿಯಿಲ್ಲ, ದೋಣಿಯೂ ಬೇಕಿಲ್ಲ. ಆದರೆ ಕೊರವ ಮೀನಿಗೆ ಗಾಳ ಹಾಕುವವರನ್ನು ಗಮನಿಸಿದರೆ ಅದೇ ತತ್ತ್ವ ಕಾಣುತ್ತದೆ. ಸಣ್ಣ ಕಪ್ಪೆಯನ್ನೋ ಕಪ್ಪೆಯಂಥ ಆಟಿಕೆಯನ್ನೋ ಗಾಳಕ್ಕೆ ಸಿಕ್ಕಿಸಿ, ದಡದ ಮೇಲೆ ನಡೆಯುತ್ತ ತಾವರೆ ಎಲೆಗಳ ನಡುವೆ ಮೆಲ್ಲನೆ ಎಳೆಯುತ್ತಾರೆ. ಮಲಯಾಳದಲ್ಲಿ ವರಾಲ್ ಅಥವಾ ಬ್ರಾಲ್ ಎನ್ನುವುದೂ ಇದೇ ಮೀನನ್ನು. ಕೊರವನು ನೀರಿನಲ್ಲಿದ್ದರೂ ಗಾಳಿಯನ್ನು ಉಸಿರಾಡುವ ಜೀವಿ. ಕಿವಿರುಗಳ ಮೇಲ್ಭಾಗದಲ್ಲಿರುವ ವಿಶೇಷ ಅಂಗದಿಂದಾಗಿ ಕೆಸರಿನಲ್ಲಿಯೂ ಬಹುಕಾಲ ಬದುಕುತ್ತದೆ. ಆದರೆ ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಲೇಬೇಕು. ಆ ‘ಗುಳುಂ’ ಸದ್ದನ್ನು ಕೇಳಿಯೇ ಅನುಭವಿಗಳು ಅದರ ನೆಲೆಯನ್ನು ಗುರುತಿಸುತ್ತಾರೆ.

ಕಡಲಿನಲ್ಲಿ ನಿಷೇಧವಿರುವಾಗ ಬಂಗುಡೆ, ಬೂತಾಯಿಗಳ ಬೆಲೆ ಏರುತ್ತದೆ. ಕೆರೆಯ ಮೀನಿನ ಕಡೆಗೆ ಕಣ್ಣು ಹೊರಳುವುದು ಸಹಜ. ಅದೇ ಹೊತ್ತಿಗೆ ಕೊರವವೂ ಮರಿಮಾಡುತ್ತದೆ. ನೀರಿನ ಮೇಲ್ಮೈಯಲ್ಲಿ ಕೆಂಪು ಬಣ್ಣದ ನೂರಾರು ಮರಿಗಳು ಒಂದೇ ಗುಂಪಾಗಿ ಕುದಿಯುವ ನೀರಿನಂತೆ ಪುಟಿಯುತ್ತವೆ. ಅವುಗಳ ಕೆಳಗೆ ಹೆತ್ತ ಮೀನು ಕಾವಲಿರುತ್ತದೆ. ಮರಿಗಳ ನಡುವೆ ಏನು ಬಿದ್ದರೂ ಅದು ನುಗ್ಗಿ ಕಚ್ಚುತ್ತದೆ. ಅದು ಹಸಿವಿನಿಂದಲ್ಲ, ಮರಿಗಳನ್ನು ಉಳಿಸಿಕೊಳ್ಳಲು. ಅಲ್ಲಿಗೇ ಗಾಳ ಹಾಕಿದರೆ ಮೀನು ಸಿಗುವುದು ಬಹಳ ಸುಲಭ. ಆದರೆ ಕಾವಲು ತಪ್ಪಿದ ಮರಿಗಳನ್ನು ಬೇರೆ ಮೀನುಗಳೂ ಹಕ್ಕಿಗಳೂ ಬೇಗನೆ ಮುಗಿಸಿಬಿಡುತ್ತವೆ. ಇದನ್ನು ಜಾಣ್ಮೆಯೆಂದು ಮಕ್ಕಳಿಗೆ ಹೇಳಿಕೊಡುವ ಹಿರಿಯರನ್ನು ಕಂಡಾಗ ನಮಗೆ ಬೇಸರವಾಗುತ್ತದೆ.

ಕೆರೆ, ತೋಡುಗಳು ಕಾನೂನಿನ ಹೊರಗಿಲ್ಲ. ಕೇರಳದ ಒಳನಾಡು ಮೀನುಗಾರಿಕೆಗೆ 2010ರ ಪ್ರತ್ಯೇಕ ಅಧಿನಿಯಮವಿದೆ. ವಿಷ ಹಾಕಿ, ಸಿಡಿಮದ್ದು ಸಿಡಿಸಿ, ವಿದ್ಯುತ್ ಹಾಯಿಸಿ ಮೀನು ಹಿಡಿಯುವುದು ಅಪರಾಧ. ಮೊದಲ ಮಳೆಗೆ ಬೈಲಿನತ್ತ ಏರಿ ಬರುವ ‘ಉಬರ್’ ಮೀನನ್ನು, ಮಲಯಾಳದಲ್ಲಿ ‘ಊತ್ತ’ ಎನ್ನುವುದನ್ನು, ದಾರಿಗೆ ಅಡ್ಡಕಟ್ಟಿ ಹಿಡಿಯುವುದಕ್ಕೂ ನಿಷೇಧವಿದೆ. ಮೊಟ್ಟೆಯಿಡಲೆಂದು ಹೊರಟ ಮುಗುಡನ್ನು ತೋಡಿನಲ್ಲಿಯೇ ತಡೆದರೆ ಮುಂದಿನ ವರ್ಷದ ಮೀನನ್ನೂ ತಡೆದಂತೆ. ಇದು ಅನೇಕ ಮನೆಗಳಲ್ಲಿ ಹಬ್ಬದಂತೆ ನಡೆದುಬಂದ ರೂಢಿಯೆಂಬುದನ್ನು ನಾವು ಬಲ್ಲೆವು. ಆದರೆ ಹಿಂದೆ ಬೈಲು ತುಂಬ ಗದ್ದೆಗಳಿದ್ದುವು. ಏರಿ ಬಂದ ಮೀನಿಗೆ ಇನ್ನೊಂದು ದಾರಿಯಿತ್ತು. ಈಗ ಗದ್ದೆಗಳು ತೋಟವಾಗಿವೆ, ಮನೆಯಂಗಳವಾಗಿವೆ, ಹಲವೆಡೆ ಉಳಿದಿರುವುದು ಒಂದೇ ತೋಡು.

ಆ ಬಾಲಕನಿಗೆ ನಾವು ಕೊಟ್ಟ ಉತ್ತರ ಇಷ್ಟು: ಪತ್ರಿಕೆಯಲ್ಲಿರುವ ನಿಷೇಧ ಕಡಲಿನ ಬೋಟುಗಳದ್ದು, ಕೆರೆಯ ಯಜಮಾನರ ಒಪ್ಪಿಗೆಯಿದ್ದರೆ ನಿನ್ನ ಗಾಳಕ್ಕೆ ಅದು ಅನ್ವಯಿಸದು. ಕೆಂಪು ಮರಿಗಳ ಗುಂಪು ಕಂಡರೆ ದಾರವನ್ನು ಸುತ್ತಿಕೊಂಡು ಬೇರೆ ಬದಿಗೆ ಹೋಗು. ನೀರು ತುಂಬಿದ ಕೆಂಪುಕಲ್ಲಿನ ಕೋರೆಗಳ ಹತ್ತಿರ ಮಾತ್ರ ಸುಳಿಯಬೇಡ. ಅವುಗಳಿಗೆ ಕೆರೆಯಂತೆ ಇಳಿಜಾರಾದ ದಡವಿಲ್ಲ, ಜಾರಿದವರಿಗೆ ಹತ್ತಿ ಬರಲು ಹಿಡಿತವಿಲ್ಲ. “ಮರಿಗಳು ಎಷ್ಟು ದಿನ ಕೆಂಪಾಗಿರುತ್ತವೆ?” ಎಂದು ಅವನು ಮತ್ತೆ ಕೇಳಿದನು. ಬೆಳೆಯುತ್ತ ಹೋದಂತೆ ಆ ಬಣ್ಣ ಮಾಸಿ, ತಾಯ್ತಂದೆಗಳ ಕಂದು ಬಣ್ಣ ಬಂದು, ಅವು ಗುಂಪನ್ನು ಬಿಟ್ಟು ಚದುರುತ್ತವೆ ಎಂದೆವು. ದಿನವೂ ಹೋಗಿ ನೋಡಿ ಬರೆದಿಡುವುದಾಗಿ ಹೇಳಿ ಹೋಗಿದ್ದಾನೆ.